ರಾಜಕುಮಾರಿಯ ಲೆಕ್ಕಕ್ಕೆ ಬಿದ್ದ ತೂಕ

"ರಾಜಕುಮಾರಿ ಜೊತೆ ಒಂದೇ ವಿಮಾನದಲ್ಲಿ ಹೋದೋಳು ಕಣೆ ನಾನು. ಅವಳ ಉಸಿರು ನನಗೆ ತಾಕ್ತಿತ್ತು," ಎಂದಳು ಯೂಲಾಲೀ, ತೊಗರಿಕಾಯಿ ಸುಲಿಯುತ್ತ.

ಮೊಮ್ಮಗಳು ಶರ್ಲೀನ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ದಿನವಿಡೀ ನಿಂತು ಬಂದಿದ್ದಳು. ಸಮವಸ್ತ್ರವನ್ನೂ ಬದಲಿಸದೆ, ಊದಿದ ಪಾದಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿದ್ದಳು.

"ಬಿಡಜ್ಜಿ. ಬೆಳಗ್ಗಿಂದ ಸುಳ್ಳು ಕೇಳಿ ಕೇಳಿ ಸಾಕಾಗಿದೆ. ಎಲ್ಲರ ಪೆಟ್ಟಿಗೆನೂ ಹಗುರವಂತೆ."

"ಅರ್ಧ ಸುಳ್ಳು ಅಂತಲೇ ಇಟ್ಕೋ. ನಾನು ನಮ್ಮಮ್ಮನ ಹೊಟ್ಟೇಲಿದ್ದೆ. ಉಸಿರು ಗಿಸಿರು ಏನೂ ತಾಕಲಿಲ್ಲ. ಮಿಕ್ಕಿದ್ದು ನಿಜ."

ಯೂಲಾಲೀಯ ತಾಯಿ ಒರಿಲ್ಡಾ ಗಗನಸಖಿ. ಗ್ರೆನಡಾ ದ್ವೀಪಕ್ಕೆ ಆಗ ಬರುತ್ತಿದ್ದುದು ಗಡಗಡ ನಡುಗುವ ಪುಟ್ಟ ಪ್ರೊಪೆಲ್ಲರ್ ವಿಮಾನಗಳು. ಮದುವೆಯಾದ ಗಗನಸಖಿಗೆ ಕೆಲಸವಿಲ್ಲ; ಬಸುರಾದರಂತೂ ಅಂದೇ ಸಮವಸ್ತ್ರ ಕಳಚಿಕೊಡಬೇಕು. ಒರಿಲ್ಡಾಳ ಸಂಬಳದಲ್ಲಿ ತಾಯಿ, ತಂಗಿಯರು ಉಣ್ಣುತ್ತಿದ್ದರು. ಅವಳನ್ನು ಬಸುರಾಗಿಸಿದ ಪೈಲಟ್ ಬೇರೆ ಮಾರ್ಗಕ್ಕೆ ವರ್ಗ ಮಾಡಿಸಿಕೊಂಡು ಹೋಗಿ, ಮತ್ತೆ ಮುಖ ತೋರಿಸಿರಲಿಲ್ಲ.

ಓಡುದಾರಿ ಮುಗಿದಲ್ಲಿ ಸಮುದ್ರ. ಹಾಗಾಗಿ ಒಟ್ಟು ತೂಕ ಸರಿಯಾಗಿರಲೇಬೇಕು. ಪೆಟ್ಟಿಗೆಗಳ ಹಾಗೆಯೇ ಪ್ರಯಾಣಿಕರೂ ಗಗನಸಖಿಯೂ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲುತ್ತಿದ್ದರು. ತೂಗಿ ಕೂಗಿ ಹೇಳುವವನು ಸೆಲ್ವಿನ್. ಒರಿಲ್ಡಾ ನಿಂತಾಗೆಲ್ಲ ಮುಳ್ಳು ಮೇಲೇರುತ್ತಿದ್ದುದನ್ನು ಅವನೊಬ್ಬನೇ ಗಮನಿಸಿದ್ದ.

ದ್ವೀಪ ನೋಡಲು ಬಂದಿದ್ದ ರಾಜಕುಮಾರಿ ಪಕ್ಕದ ಬಾರ್ಬಡೋಸಿಗೆ ಹೊರಟ ದಿನ ನಿಲ್ದಾಣದ ಮ್ಯಾನೇಜರನೇ ಪೆನ್ಸಿಲ್ ಹಿಡಿದು ಬರೆಯಲು ನಿಂತ. ಒರಿಲ್ಡಾ ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದಳು. ಸೆಲ್ವಿನ್ ಮುಳ್ಳನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಅವಳ ಹಳೆಯ ತೂಕವನ್ನೇ ಕೂಗಿದ.

ರಾಜಕುಮಾರಿಯನ್ನು ತಕ್ಕಡಿ ಹತ್ತಿಸುವಂತಿಲ್ಲ, ದೂರದಿಂದ ಕಣ್ಣಳತೆ ಅಷ್ಟೇ. ಒರಿಲ್ಡಾಳಿಂದ ಕದ್ದ ತೂಕವನ್ನೆಲ್ಲ ಸೆಲ್ವಿನ್ ರಾಜಕುಮಾರಿಯ ಲೆಕ್ಕಕ್ಕೆ ಸೇರಿಸಿದ.

ಮ್ಯಾನೇಜರ್ ಹುಬ್ಬೇರಿಸಿದ. "ಏನಯ್ಯಾ, ರಾಜಕುಮಾರಿ ಅಂದ್ರೆ ಜಾಯಿಕಾಯಿ ಮೂಟೆ ಅಂದ್ಕೊಂಡ್ಯಾ? ಕಡ್ಡಿ ಇದ್ದಂಗಿದಾರೆ."

"ಒಡವೆ ಇದಾವಲ್ಲ ಸಾರ್. ಟೋಪಿ ಮೇಲೇ ಒಂದು ತೋಟ ಇದೆ. ಅನುಮಾನ ಇದ್ರೆ ನೀವೇ ಹೋಗಿ ತಕ್ಕಡಿಗೆ ಕರ್ಕೊಂಬನ್ನಿ."

ಕೆಂಪು ಹಾಸಿನ ಮೇಲೆ ನಡೆದು ಬರುತ್ತಿದ್ದವಳತ್ತ ಮ್ಯಾನೇಜರ್ ಒಮ್ಮೆ ನೋಡಿ, ತೆಪ್ಪಗೆ ಬರೆದುಕೊಂಡ.

ವಿಮಾನ ಮೇಲೇರಿದ ಮೇಲೆ ರಾಜಕುಮಾರಿ ಬೂಟು ಕಳಚಿದಳು. ಮುಖದ ನಗುವೂ ಅದರ ಜೊತೆಗೇ ಕಳಚಿತು. ಒರಿಲ್ಡಾಳ ಹಣೆಯ ಬೆವರು ಕಂಡು, "ಕೂತ್ಕೊಳ್ಳಮ್ಮ," ಎಂದಳು.

"ನಿಮ್ಮೆದುರು ಕೂರೋ ಹಾಗಿಲ್ಲ ಮೇಡಂ."

"ನಾನೂ ನಿದ್ದೆ ಮಾಡೋ ಹಾಗಿಲ್ಲ. ಕೂದಲು ಕೆಡುತ್ತಂತೆ."



"ಅಮ್ಮ ಅಷ್ಟೂ ದಾರಿ ನಿಂತೇ ಹೋದ್ಲು," ಎಂದಳು ಯೂಲಾಲೀ. "ಬಾರ್ಬಡೋಸಿಗೆ ಸಮುದ್ರದ ಮೇಲೆ ನಡ್ಕೊಂಡು ಹೋದಂಗೆ."

"ಕೆಲಸ ಉಳೀತಾ?" ಶರ್ಲೀನ್ ಈಗ ಬಾಗಿ ಕೇಳುತ್ತಿದ್ದಳು.

"ಆವತ್ತಿಗೆ ಉಳೀತು. ಸಾಯಂಕಾಲ ಖಾಲಿ ವಿಮಾನದಲ್ಲಿ ವಾಪಸ್ ಬಂದ್ರೆ, ಸೆಲ್ವಿನ್ ಒಬ್ಬನೇ ಟಪಾಲು ಚೀಲ ಎಳೀತಿದ್ದ. ಅಮ್ಮನ್ನ ನೋಡಿ ಬೆನ್ನು ನೆಟ್ಟಗೆ ಮಾಡ್ಕೊಂಡ. 'ನಾಳೆ ರಾಜಕುಮಾರಿ ಇರಲ್ಲ ಒರಿಲ್ಡಾ. ನಾನೂ ಎಷ್ಟು ದಿನ ಅಂತ ಸುಳ್ಳು ಕೂಗ್ಲಿ? ನಿಮ್ಮಿಬ್ಬರ ತೂಕಾನ ಇನ್ಮೇಲೆ ಯಾರ ಲೆಕ್ಕಕ್ಕೆ ಹಾಕ್ಲಿ, ನೀನೇ ಹೇಳು' ಅಂದ."

ಯೂಲಾಲೀ ಮಡಿಲಿನ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿದಳು. ಬೋಗುಣಿಯ ನೀರು ಆಗಲೇ ಆರಿತ್ತು. ಶರ್ಲೀನ್ ಕಾಲು ತೆಗೆದಿರಲಿಲ್ಲ.

"ಅಮ್ಮ ಬೂಟು ಬಿಚ್ಚಿ ಕೈಲಿ ಹಿಡ್ಕೊಂಡ್ಲು. ಅವನ ಪಕ್ಕದಲ್ಲೇ, ಒಂದು ಟಪಾಲು ಚೀಲದ ಮೇಲೆ ಕೂತ್ಲು. ಕೂತು ಯಾರ ಲೆಕ್ಕಕ್ಕೆ ಹಾಕು ಅಂದ್ಲು, ನೀನೇ ಹೇಳು ನೋಡೋಣ."