ಸಿಹಿ ಹುಣಸೆ

ಕೈ ಜೋಡಿಸಿ ನಕ್ಕಳಲ್ಲ ಆ ಅಂಗಡಿಯ ಹುಡುಗಿ, ನಕ್ಕಿದ್ದು ಯಾರಿಗೆ, ತನಗೋ ಪಕ್ಕದಲ್ಲಿರುವ ಗಂಡನಿಗೋ, ಬ್ಯಾಂಕಾಕಿನಲ್ಲಿ ಎಲ್ಲರೂ ಎಲ್ಲರಿಗೂ ನಗ್ತಾರೆ ಕಣೆ ಅಂದಿದ್ದ ರಂಗೇಶ್, ನಿನ್ನೆಯಷ್ಟೇ ಬಂದಿಳಿದವನಿಗೆ ಅದು ಹೇಗೆ ಗೊತ್ತಾಯಿತು — ಮಧುಶ್ರೀ ವೇಲನ್ನು ಹೆಗಲಿಗೆ ಎಳೆದುಕೊಂಡಳು, ಮೈಗೆ ಅಂಟುವ ಸೆಖೆ, ಎಲ್ಲಿ ನಿಂತರೂ ಮೀನಿನ ವಾಸನೆ, ತಲೆಯ ಮೇಲೊಂದು ಸೇತುವೆ, ಅದರ ಮೇಲಿನ್ನೊಂದು, ಅದರ ಮೇಲೆ ರೈಲು, ಅಂಗಡಿಯ ಮುಂದೆ ಕಂಬದ ಮೇಲೆ ಗೂಡಿನಷ್ಟು ಗುಡಿ, ಒಳಗೆ ಕೆಂಪು ಸೋಡಾ ಬಾಟಲಿ, ಅದಕ್ಕೊಂದು ಸ್ಟ್ರಾ, ದೇವರು ಸ್ಟ್ರಾದಲ್ಲಿ ಕುಡಿಯುತ್ತಾನಾ, ಯಾರನ್ನು ಕೇಳುವುದು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಕೇಳುವುದು ಕಡಿಮೆ, ನೋಡುವುದು ಹೆಚ್ಚು. ಬೀಜದ ಕಂಪನಿಯವರ ಟೂರು, ಮುಸುಕಿನ ಜೋಳದ ಬೀಜ ಹೆಚ್ಚು ಮಾರಿದ ಅಂಗಡಿಯವರಿಗೆಲ್ಲ, ಈ ಸಲ ಹೆಂಡತಿಯರಿಗೂ — ಈ ಸಲ ಅಂದರೆ, ಹೋದ ಸಲವೂ ಇತ್ತಾ? ನಾನೂ ಇದೇ ಮೊದಲು ಪ್ಲೇನ್ ಹತ್ತೋದು ಅಂದವನು ವಿಮಾನದಲ್ಲಿ ಸೊಂಟದ ಬೆಲ್ಟನ್ನು ನೋಡದೆಯೇ ಟಪ್ಪನೆ ಹಾಕಿಕೊಂಡ, ಹೋಟೆಲಿನಲ್ಲಿ ಅವಳು ಸ್ವಿಚ್ಚಿಗೆ ಗೋಡೆ ತಡವುತ್ತಿರುವಾಗ ಬಾಗಿಲ ಪಕ್ಕದ ಸೀಳಿಗೆ ಕಾರ್ಡು ತೂರಿಸಿ ಲೈಟು ಹತ್ತಿಸಿದ. ಮಧ್ಯಾಹ್ನ ದೋಣಿಯಲ್ಲಿ ಶಿರಾದ ಬೀಜದಂಗಡಿಯ ಅನಿಲ್ ಕುಮಾರ್ ಅಂದನಲ್ಲ, ಅಕ್ಕಾ, ರಂಗಣ್ಣನ್ ಹಿಂದೆ ಹೋದ್ರೆ ಸಾಕು, ಅಣ್ಣಂಗೆ ಈ ಊರು ನಮ್ ಮಧುಗಿರಿ ಬಸ್‌ಸ್ಟ್ಯಾಂಡ್ ಇದ್ದಂಗೆ, ಎಲ್ಲರೂ ನಕ್ಕರು, ರಂಗೇಶ್ ನಗಲಿಲ್ಲ, ಬಾಯ್ ಮುಚ್ಕೊಂಡ್ ಕೂತ್ಕಳ್ಲಾ ಅಂದ, ನದಿಯಾಚೆ ಪಿಂಗಾಣಿ ಚೂರು ಮೆತ್ತಿದ ಗೋಪುರ ಬಿಸಿಲಿಗೆ ಮಿನುಗಿತು, ಎಲ್ಲರೂ ಫೋಟೋ ತೆಗೆದರು, ಅವಳು ಗಂಡನ ಕಿವಿ ಕೆಂಪಾದದ್ದನ್ನು ನೋಡಿದಳು.

ಈಗ ಹುಣಸೆ. ಅಂಗಡಿಯ ತುಂಬ ಡಬ್ಬಿ ಡಬ್ಬಿ ಹುಣಸೆಹಣ್ಣು, ಸಿಪ್ಪೆ ಸಮೇತ, ಒಂದೂ ಮುರಿದಿಲ್ಲ, ದಪ್ಪ, ನೀಟ — ಇದನ್ನು ಅವಳು ನೋಡಿದ್ದಾಳೆ, ಕೈಯಲ್ಲಿ ಹಿಡಿದಿದ್ದಾಳೆ. ಸ್ಕೂಲು ಬಿಟ್ಟಾಗಿನಿಂದ ಮದುವೆಯವರೆಗೂ ಮಿಡಿಗೇಶಿಯಲ್ಲಿ ಅವ್ವ ಓಬಳಮ್ಮನ ಜೊತೆ ಕೂತು ಹುಣಸೆ ಬಡಿದವಳು, ಬೀಜ ಬಿಡಿಸಿ ಬಿಡಿಸಿ ಉಗುರು ಕಪ್ಪಾದವಳು, ಡೊಂಕು ನೋಡಿ ಯಾವ ಮರದ್ದು ಅಂತ ಹೇಳುವವಳು, ಹುಣಸೆಯ ವಿಷಯದಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಹೋದ ವರ್ಷ ಧಾರವಾಡದಲ್ಲಿ ನಾಲ್ಕು ದಿನ ಮೀಟಿಂಗು ಅಂತ ಹೋದವನು ಬ್ಯಾಗಿನಿಂದ ಒಂದು ಹಿಡಿ ತೆಗೆದುಕೊಟ್ಟಿದ್ದ, ಧಾರ್ವಾಡದ ಕಡೆ ಹುಣ್ಸೆನೂ ಸಿಹಿ, ತಿಂದ್ ನೋಡೆ, ತಿಂದಳು, ಬೆಲ್ಲ, ಅವ್ವ ಮಾತ್ರ ನಂಬಲಿಲ್ಲ, ಸಿಹಿಯಾದ್ರೆ ಅದು ಹುಣ್ಸೆ ಹೆಂಗಾಯ್ತದೆ ಕಣಮ್ಮ ಅಂದಳು, ಮಧುಶ್ರೀ ನಂಬಿದಳು, ಬಡವನಹಳ್ಳಿಯ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಬೀಜ ಊರಿದಳು, ಬಂದವರಿಗೆಲ್ಲ ನಮ್ಮನೆಯವರು ಧಾರವಾಡದಿಂದ ತಂದದ್ದು ಅಂತ ತೋರಿಸಿದಳು, ಸಸಿ ಮೊಣಕಾಲುದ್ದ ಬಂದಿದೆ, ಸಂಜೆಯಾದರೆ ಎಲೆ ಮುಚ್ಚಿಕೊಳ್ಳುತ್ತದೆ — ಇಲ್ಲಿಗೇ ಬಂದಿದ್ದರೆ ಬಂದಿದ್ದೆ ಅನ್ನಬಹುದಿತ್ತು, ಅವಳೇನು ಬೇಡ ಅನ್ನುತ್ತಿದ್ದಳಾ, ಹೆಂಡತಿಯಿಂದ ಮುಚ್ಚಿಡುವಂಥದ್ದು ಆ ನಾಲ್ಕು ದಿನದಲ್ಲಿ ಏನಿತ್ತು, ಹುಡುಗಿ ಇನ್ನೂ ನಗುತ್ತಿದ್ದಾಳೆ, ರಂಗೇಶ್ ರುಚಿ ನೋಡಲು ಇಟ್ಟಿದ್ದ ತಟ್ಟೆಯಿಂದ ಒಂದನ್ನೆತ್ತಿ ಹೆಬ್ಬೆರಳಲ್ಲಿ ಒತ್ತಿದ, ಸಿಪ್ಪೆ ಕಳಚಿತು, ನಾರು ಒಂದೇ ಎಳೆತಕ್ಕೆ ಬಂತು, ತಿನ್ನೆ, ಇಂಥ ಹುಣ್ಸೆ ನಮ್ ಕಡೆ ಎಲ್ಲೂ ಸಿಗಾಕಿಲ್ಲ.

ಧಾರವಾಡದಲ್ಲಿ? ಅಂದಳು, ತನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

ಯಾವ ಧಾರ್ವಾಡ? ಅಂದ ರಂಗೇಶ್, ಮುಂದಿನ ಡಬ್ಬಿಗೆ ಕೈ ಹಾಕುತ್ತಾ — ಮರೆತೇಬಿಟ್ಟಿದ್ದಾನೆ, ಹೇಳಿದ ಸುಳ್ಳನ್ನೂ ನೆನಪಿಟ್ಟುಕೊಂಡಿಲ್ಲ, ಅವಳು ಒಂದು ವರ್ಷದಿಂದ ಅದಕ್ಕೆ ನೀರು ಹಾಕುತ್ತಿದ್ದಾಳೆ, ಅವನು ಕೊಟ್ಟ ಹಣ್ಣು ಬಾಯಲ್ಲಿದೆ, ಸಿಹಿಯಿದೆ, ಬೀಜವನ್ನು ಅಂಗೈಗೆ ಉಗುಳಿದಳು, ಇಲ್ಲಿ ಬೀದಿಯ ದೀಪಗಳು ಹತ್ತಿಕೊಂಡವು, ಊರಲ್ಲಿ ಹೊತ್ತು ಒಂದೂವರೆ ಗಂಟೆ ಹಿಂದಂತೆ, ಅಂದರೆ ಅಲ್ಲಿ ಇನ್ನೂ ಬಿಸಿಲು, ಇನ್ನು ಸ್ವಲ್ಪ ಹೊತ್ತಿಗೆ, ಸಂಜೆಯಾದರೆ, ಒಗೆಯುವ ಕಲ್ಲಿನ ಪಕ್ಕ ಆ ಸಸಿ, ಒಂದೊಂದೇ ಎಲೆ, ಜೋಡಿ ಜೋಡಿಯಾಗಿ, ಮುಚ್ಚಿಕೊಳ್ಳುತ್ತಾ, ಮುಚ್ಚಿಕೊಳ್ಳುತ್ತಾ