ತುಳುಕದ ಲೋಟ

ಆ ಕಡಲ ರಸ್ತೆಯ ಗುಂಡಿಗಳ ವಿಷಯ ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳಲೇಬೇಕು. ಒಂದು ಗುಂಡಿಗೆ ಬಿದ್ದ ಎಮ್ಮೆ ಮುಂದಿನ ವರ್ಷ ಇನ್ನೊಂದು ಗುಂಡಿಯಿಂದ ಕರುವಿನ ಸಮೇತ ಎದ್ದು ಬಂದಿತ್ತು. ಅಂಥ ರಸ್ತೆಯಲ್ಲಿ, ನಿದ್ದೆಹೋದ ಕೂಸಿನ ಕೈಯ ಗಿಲಕಿ ಸದ್ದಾಗದಂತೆ ಕಾರು ಓಡಿಸುವವನು ಭೂಮಂಡಲದಲ್ಲೇ ಒಬ್ಬನಿದ್ದ. ಬಾಡಿಗೆ ಕಾರಿನ ಡ್ರೈವರ್. ಊರವರ ಬಾಯಲ್ಲಿ ತೊಟ್ಟಿಲಪ್ಪ.

ಆ ಕೈಗುಣ ಹುಟ್ಟಿನಿಂದ ಬಂದದ್ದಲ್ಲ. ಅವನ ಅಕ್ಕನಿಗೆ ಬೆನ್ನುಮೂಳೆಯಲ್ಲಿ ಗಡ್ಡೆ. ವಾರವಾರ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು. ಕಾರು ಒಮ್ಮೆ ಎತ್ತಿಹಾಕಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಅವನು ಖಾಲಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನಂತೆ ಹರಿದು, ಗುಂಡಿಗಳ ನಡುವಿನ ಗಟ್ಟಿ ನೆಲವನ್ನೆಲ್ಲ ಚಕ್ರಗಳಿಗೆ ಬಾಯಿಪಾಠ ಮಾಡಿಸಿದ್ದ.

"ಏನೋ, ಇವತ್ತು ಎರಡು ಸಲ ಕುಲುಕಿತು," ಎಂದು ಅಕ್ಕ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಗೊಣಗುವಳು.

"ಒಂದೇ ಸಲ ಅಕ್ಕಾ. ಇನ್ನೊಂದು ನೀನು ಆಕಳಿಸಿದ್ದು."

"ನನ್ನ ಆಕಳಿಕೆಗೆ ಅಲ್ಲಾಡೋದಾದ್ರೆ ಈ ಕಾರು ಮಾರಿ ಕತ್ತೆ ತಗೋ."

ಹೀಗಿರುವಾಗ ಪ್ರವಾಸೋದ್ಯಮ ಇಲಾಖೆಯ ಪ್ರಚಾರದ ಸಾಹೇಬರು ಬಂದರು. ಈ ದಾರಿಯಲ್ಲಿ ಕಾರು ಓಡಿಸಲು ಲೋಕವೇ ಮುಗಿಬೀಳುವಂತೆ ಒಂದು ಚಿತ್ರ ತೆಗೆಯಬೇಕಂತೆ. "ಚಿತ್ರ ಮೇಲಿನವರಿಗೆ ಹಿಡಿಸಿದ್ರೆ ದುಡ್ಡು ಬರತ್ತೆ, ದುಡ್ಡು ಬಂದ್ರೆ ರಸ್ತೆ ಆಗತ್ತೆ," ಎಂದರು. ರಸ್ತೆ ಎಂದರೆ ತೊಟ್ಟಿಲಪ್ಪನಿಗೆ ಅಕ್ಕನ ಬೆನ್ನು. ಬಾಡಿಗೆಯೇ ಬೇಡವೆಂದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು.

"ಕಾರಿನೊಳಗೆ ಮುಂದ್ಗಡೆ ಒಂದು ಲೋಟ ನೀರಿಡಿ ಸಾರ್. ಕಂಠಮಟ್ಟ. ಒಂದು ಹನಿ ಚೆಲ್ಲಿದ್ರೆ ನನ್ನ ಮೀಸೆ ಬೋಳಿಸಿ."

ಚೆಲ್ಲಲಿಲ್ಲ. ಲೋಟದಂಚಿನಲ್ಲಿ ಕೂತು ನೀರು ಕುಡಿಯುತ್ತಿದ್ದ ನೊಣಕ್ಕೆ ಕಾರು ಹೊರಟದ್ದೂ ತಿಳಿಯಲಿಲ್ಲ, ನಿಂತದ್ದೂ ತಿಳಿಯಲಿಲ್ಲ. ಕ್ಯಾಮೆರಾಕ್ಕೆ ಕಂಡದ್ದು ಲೋಟ, ಅದರಾಚೆ ನೀಲಿ ಕಡಲು. ಸ್ಟಿಯರಿಂಗ್ ಮೇಲೆ ಬೆವರುತ್ತಿದ್ದ ಕೈಗಳಲ್ಲ.

ಮೊಬೈಲಿನಲ್ಲಿ ಅದನ್ನು ನೋಡಿ ಅಕ್ಕ ಹೆಮ್ಮೆಯಿಂದ ನಕ್ಕಳು. ಮತ್ತೊಮ್ಮೆ ನೋಡಿ ಮೊಬೈಲನ್ನು ತಮ್ಮನ ಕೈಗಿಟ್ಟಳು. "ಲೋ, ಇದನ್ನ ನೋಡಿದವರು ರಸ್ತೆ ಕೆಟ್ಟಿದೆ ಅಂತಾರೇನೋ?"

"ನಿನಗೆ ಎಲ್ಲದರಲ್ಲೂ ಕೊಂಕು," ಎಂದ ತಮ್ಮ.

ತಿಂಗಳು ಕಳೆದು ಸಾಹೇಬರ ಕಚೇರಿಗೆ ಹೋದ. ಸಾಹೇಬರು ಟೀ ತರಿಸಿದರು.

"ಮೇಲಿನವರಿಗೆ ಚಿತ್ರ ಬಹಳ ಹಿಡಿಸ್ತಪ್ಪ. ಇಷ್ಟು ನುಣ್ಣಗಿರೋ ರಸ್ತೆಗೆ ಮತ್ತೆ ಡಾಂಬರು ಯಾಕೆ ಅಂದ್ರು. ದುಡ್ಡೆಲ್ಲಾ ಪ್ರಚಾರಕ್ಕೇ ಹಾಕಿ ಅಂದ್ರು."

"ಗುಂಡಿ ನೀವೇ ಕಣ್ಣಾರೆ ನೋಡಿದೀರಲ್ಲ ಸಾರ್."

"ಲೋಟ ತುಳುಕಲಿಲ್ವಲ್ಲ."

"ಅದು ನನ್ನ ಕೈ ಸಾರ್."

"ಕೈಗೆ ದುಡ್ಡು ಕೇಳೋಕಾಗತ್ತೇನಪ್ಪ? ಟೀ ಕುಡಿ, ಆರತ್ತೆ."

ಆಮೇಲೆ ಲೋಕ ನಿಜಕ್ಕೂ ಮುಗಿಬಿತ್ತು. ಕಡಲಿನ ಮೀನುಗಳಿಗಿಂತ ರಸ್ತೆಯ ಕಾರುಗಳೇ ಹೆಚ್ಚಾದವು. ಬಂದವರೆಲ್ಲ ಮುಂದೊಂದು ಲೋಟ ಇಟ್ಟುಕೊಂಡು, ಮೈಮೇಲೆ ನೀರು ಚೆಲ್ಲಿಕೊಂಡು ಕಿರುಚುತ್ತ ನಗುತ್ತಿದ್ದರು.

ಆ ವಾರ ಆಸ್ಪತ್ರೆಗೆ ಹೊರಟಾಗ ತೊಟ್ಟಿಲಪ್ಪ ಮೊದಲ ಗುಂಡಿ ತಪ್ಪಿಸಲು ಬಲಕ್ಕೆ ಹೊರಳಿದ. ಎದುರಿಗೆ ಕಾರು. ಹಿಂದೆ ಕಾರು. ಚಕ್ರ ಇಳಿಯಿತು. ಹಿಂದಿನ ಸೀಟಿನಿಂದ ಬಂದ ಸದ್ದು ಮನುಷ್ಯರದೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಮುಂದಿನ ಗುಂಡಿಗೂ ಇಳಿಯಿತು, ಅದರಾಚೆಯದಕ್ಕೂ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎಷ್ಟು ಸಲ ಕುಲುಕಿತೆಂದು ಹೇಳಲಿಲ್ಲ.

ಮರುವಾರ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಅವಳು ಗೋಡೆಗೆ ಮುಖಮಾಡಿ ಮಲಗಿದ್ದಳು.

"ನಾನು ಬರಲ್ಲ ಕಣೋ."

"ನಿಧಾನಕ್ಕೆ ಹೋಗ್ತೀನಿ ಅಕ್ಕಾ. ಆಮೆ ಹಾಗೆ."

"ಗುಂಡಿಗೆ ಆಮೆ ಬಿದ್ರೂ ನೋವೇ. ಕಾರು ಒಳಗಿಡು, ಬಿಸಿಲಿಗೆ ಬಣ್ಣ ಹೋಗತ್ತೆ."

ಔಷಧಿ ತಪ್ಪಿದ ಗಡ್ಡೆ ಸುಮ್ಮನಿರಲಿಲ್ಲ. ಸುಡುಗಾಡಿಗೂ ಅದೇ ದಾರಿ. ಹಿಂದಿನ ಸೀಟಿನಲ್ಲಿ ಅಕ್ಕನನ್ನು ಮಲಗಿಸಿಕೊಂಡು ಹೊರಟ ತೊಟ್ಟಿಲಪ್ಪ, ಪ್ರತಿ ಗುಂಡಿಯ ಬಾಯಲ್ಲೂ ನಿಂತು, ಒಂದೊಂದೇ ಚಕ್ರವನ್ನು ಅಂಗುಲ ಅಂಗುಲವಾಗಿ ಇಳಿಸಿ ಏರಿಸಿದ. ಹಾರ್ನ್ ಹೊಡೆಯುತ್ತ ಅವನ ಹಿಂದೆ ನಿಂತ ಕಾರುಗಳ ಸಾಲು ಚಂದ್ರಲೋಕ ಮುಟ್ಟಿತ್ತು. ಎಮ್ಮೆಯದನ್ನು ಬೇಕಾದರೆ ಬಿಡಿ, ಇದನ್ನು ನಂಬಿ. ಅವನು ಒಮ್ಮೆಯೂ ಕುಲುಕಿಸಲಿಲ್ಲ.