ಕೂದಲೆಳೆಯಷ್ಟು ಮುಂಚೆ

ನಾನು ಒಂದು ಕೇಬಲ್. ನಡುವೆ ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಮೇಲೆ ಲೋಹದ ಜಾಲರಿ, ಕಪ್ಪು ಚರ್ಮ. ಕಾರ್ಖಾನೆಯಲ್ಲಿ ನನ್ನ ಪ್ಲಾಸ್ಟಿಕ್ಕನ್ನು ನೊರೆಯಂತೆ ಉಬ್ಬಿಸಿ ಗಾಳಿಗುಳ್ಳೆ ತುಂಬಿದ್ದರು. ಗಟ್ಟಿ ಪ್ಲಾಸ್ಟಿಕ್ಕು ಸಂಕೇತದ ಕಾಲು ಹಿಡಿದೆಳೆಯುತ್ತದೆ. ಗಾಳಿ ಅಷ್ಟು ಎಳೆಯುವುದಿಲ್ಲ. ಹಾಗಾಗಿ ನನ್ನೊಳಗೆ ಹೊಕ್ಕದ್ದೆಲ್ಲ ಬೇಗ ಓಡುತ್ತದೆ. ನಿಧಾನವೇ ಪ್ರಧಾನ ಎನ್ನುವವರನ್ನು ಕಂಡರೆ ಆಗ ನನಗೆ ನಗು ಬರುತ್ತಿತ್ತು.

ಮಳೆಗಾಲದಲ್ಲಿ ನಾನು ಕಡಲತೀರದ ಮೀನುಗಾರರ ಸಂಘದ ವೈರ್‌ಲೆಸ್ ಕೋಣೆಗೆ ಬಂದೆ. ಮಾಡಿನ ಮೇಲೆ ಎರಡು ಆಂಟೆನಾ: ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಎರಡರಿಂದಲೂ ಒಂದೊಂದು ಕೇಬಲ್ ಇಳಿದು ಒಂದೇ ಪೆಟ್ಟಿಗೆಗೆ ಸೇರುತ್ತಿತ್ತು. ಕಡಲಿನಿಂದ ಬಂದ ದನಿ ಯಾವ ಕಡೆಯಿಂದ ಮೊದಲು ಮುಟ್ಟಿತೆಂದು ನೋಡಿ, ಪೆಟ್ಟಿಗೆಯ ಮುಳ್ಳು ದೋಣಿಯಿರುವ ದಿಕ್ಕು ತೋರಿಸುತ್ತಿತ್ತು. ಉತ್ತರದ ಹಳೆಯ ಕೇಬಲ್ಲನ್ನು ಉಪ್ಪುಗಾಳಿ ತಿಂದಿತ್ತು. ರಿಪೇರಿಯ ಲಿಗೋರಿ ಟೇಪು ಹಿಡಿದು ಅಳೆದು, ಅಷ್ಟೇ ಉದ್ದಕ್ಕೆ ನನ್ನನ್ನು ಕತ್ತರಿಸಿದ.

"ಒಂದಿಂಚು ಹೆಚ್ಚು ಕಮ್ಮಿ ಇಲ್ಲ ವಾರಿಜಕ್ಕ."

ಯಂತ್ರದ ಮುಂದೆ ಕೂರುವ ವಾರಿಜ, "ಒಂದು ದೋಣಿಯಿಂದ ಕರೆಸಿ ಮುಳ್ಳು ಸರಿ ಉಂಟಾ ನೋಡುವುದಲ್ವಾ?" ಎಂದಳು.

"ಯಾವ ದೋಣಿ ಮಾರಾಯ್ತಿ? ಎಲ್ಲ ದಡದಲ್ಲೇ ಉಂಟಲ್ಲ!"

ನಿಜ. ಮಳೆಗಾಲದಲ್ಲಿ ಮೀನು ಹಿಡಿಯಲು ನಿಷೇಧ, ಕಡಲು ಖಾಲಿ. ಆಮೇಲೆ ನೋಡೋಣ ಎಂದದ್ದು ಆಮೇಲೆ ಮರೆತೇ ಹೋಯಿತು.

ನಿಷೇಧ ಮುಗಿದು, ಕಡಲಿಗೆ ಹಾಲು ತೆಂಗಿನಕಾಯಿ ಒಪ್ಪಿಸಿದ ಮೇಲೆ, ವಾರಿಜಳ ಗಂಡ ಗಿರಿಧರ ಒಬ್ಬನೇ ಸಣ್ಣ ದೋಣಿಯಲ್ಲಿ ಹೊರಟ. ಮಧ್ಯಾಹ್ನ ಗಾಳಿ ಎದ್ದಿತು. ಅವನ ದನಿ ಬಂತು.

"ವಾರಿಜಾ, ನೀರು ಒಳಗೆ ಬರ್ತಾ ಉಂಟು. ದಡ ಕಾಣ್ತಿಲ್ಲ, ಎಲ್ಲಿದ್ದೇನೋ ಗೊತ್ತಿಲ್ಲ. ಜನ ಕಳಿಸು!"

ಅವನಿದ್ದದ್ದು ನೇರ ಪಶ್ಚಿಮಕ್ಕೆ. ಎರಡೂ ಆಂಟೆನಾಗಳಿಗೆ ಆ ದನಿ ಒಟ್ಟಿಗೇ ಮುಟ್ಟಿತ್ತು, ಮುಳ್ಳು ನಡುವೆ ನಿಲ್ಲಬೇಕಿತ್ತು. ನಾನು ಮಾತ್ರ ಅದನ್ನು ಕೂದಲೆಳೆಯಷ್ಟು ಮುಂಚೆ ಒಯ್ದೆ. ಮುಳ್ಳು ಉತ್ತರಕ್ಕೆ ತಿರುಗಿತು.

"ಬಡಗು ಕಡೆಗೆ ಹೋಗಿ, ಬಡಗು ಕಡೆಗೆ!" ವಾರಿಜ ಕೂಗಿದಳು. ಹುಡುಕುವ ದೋಣಿಗಳೆಲ್ಲ ಉತ್ತರಕ್ಕೆ ಓಡಿದವು. ತಡೆಯಲು ನನಗೆ ಬಾಯಿಲ್ಲ. ಅವನು ಕರೆಯುತ್ತಲೇ ಇದ್ದ, ನಾನು ಬೇಗಬೇಗ ತರುತ್ತಲೇ ಇದ್ದೆ. ಕೊನೆಗೆ ಅವಳ ಹೆಸರು ಅರ್ಧಕ್ಕೆ ನಿಂತಿತು.

ಮಾರನೆಯ ದಿನ ಪಶ್ಚಿಮದಲ್ಲಿ ಒಡೆದ ಹಲಗೆಗಳು ಸಿಕ್ಕಿದವು. ಲಿಗೋರಿ ಎರಡೂ ಕೇಬಲ್ಲಿನ ತುದಿ ಸುಲಿದು ನೋಡಿದ. ದಕ್ಷಿಣದ ಕೇಬಲ್ಲಿನೊಳಗೆ ಗಟ್ಟಿ ಪ್ಲಾಸ್ಟಿಕ್, ನನ್ನೊಳಗೆ ನೊರೆ. "ಉದ್ದ ಮಾತ್ರ ನೋಡಿದೆ ಅಕ್ಕ, ಓಟ ನೋಡಲಿಲ್ಲ," ಎಂದು ನನ್ನನ್ನು ಪೆಟ್ಟಿಗೆಯಿಂದ ಕಳಚಿದ.

ಈಗ ಆ ಕೋಣೆಯಲ್ಲಿ ಎರಡೂ ಕೇಬಲ್ ಒಂದೇ ಜಾತಿಯವು. ನಾನು ವಾರಿಜಳ ಮನೆಯ ಗೋಡೆಯಲ್ಲಿ ಸುರುಳಿಯಾಗಿ ನೇತಾಡುತ್ತಿದ್ದೇನೆ. ಗಾಳಿ ಎದ್ದಾಗ ಆ ಅರ್ಧ ಹೆಸರು ನನ್ನೊಳಗೆ ಸುತ್ತುತ್ತದೆ. ಹೊರಗೆ ಬಿಡಲು ದಾರಿಯಿಲ್ಲ, ನನಗೆ ಭಯವಾಗುತ್ತದೆ.

"ಇದನ್ನು ಬಿಸಾಡುವಾ ಅಕ್ಕ, ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಲಿಗೋರಿ ಒಮ್ಮೆ ಕೇಳಿದ.

ವಾರಿಜ ನನ್ನ ತುದಿಯನ್ನು ಕಿವಿಗೆ ಒತ್ತಿಕೊಂಡಳು.

"ಬೇಡ. ಅವರ ಸ್ವರ ನನಗಿಂತ ಮೊದಲು ಕೇಳಿದ್ದು ಇದು."